ಉಧ್ನಾದ ಮಗ್ಗಗಳು ನಿಂತ ಹೊತ್ತು

ಸೂರತ್ತಿನ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಗಂಜಿಯದು ಸ್ವಲ್ಪ, ಮಗ್ಗದ ಎಣ್ಣೆಯದು ಸ್ವಲ್ಪ, ಬಣ್ಣದ್ದು ಸ್ವಲ್ಪ. ನನ್ನ ಮಗಳಿಗೆ ಅದು ಆಗದು. ಒಗೆಯದೆ ಮೈಮೇಲೆ ಹಾಕುವುದೇ ಇಲ್ಲ. ನಾನು ಮಾತ್ರ ಅಂಗಡಿಯವರ ಎದುರಿಗೇ ಸೀರೆಯನ್ನು ಮೂಗಿಗೆ ಹಿಡಿಯುತ್ತೇನೆ. ಹೋದ ತಿಂಗಳು ಮೈಸೂರಿನ ಅಂಗಡಿಯೊಂದರಲ್ಲಿ ಹೀಗೆ ಮಾಡಿದಾಗ ಸೇಲ್ಸ್‌ಮನ್ ಗಾಬರಿಯಾಗಿ, "ಏನ್ ಮೇಡಂ, ವಾಸನೆ ಬರ್ತಿದ್ಯಾ? ಬೇರೆ ತೋರಿಸ್ಲಾ?" ಎಂದ. "ಬೇಡಪ್ಪ, ಇದೇ ಇರ್ಲಿ. ವಾಸನೆ ಚೆನ್ನಾಗಿದೆ" ಎಂದೆ. ಮಗಳು ನನ್ನ ಪರಿಚಯವೇ ಇಲ್ಲದವಳ ಹಾಗೆ ಪಕ್ಕದ ಕೌಂಟರಿಗೆ ಸರಿದುಬಿಟ್ಟಳು.

ಅವಳಿಗೇನು ಗೊತ್ತು. ಆ ವಾಸನೆ ಮೂಗಿಗೆ ಬಿದ್ದರೆ ನಾನು ಮೈಸೂರಿನಲ್ಲಿರುವುದಿಲ್ಲ. ಸೂರತ್ತಿನ ಉಧ್ನಾದಲ್ಲಿ, ತಗಡಿನ ಮಾಡಿನ ಒಂದು ದೊಡ್ಡ ಶೆಡ್ಡಿನಲ್ಲಿ, ಸೊಂಟಕ್ಕೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿರುತ್ತೇನೆ.

ಅದು ೧೯೯೩. ನಮ್ಮ ಯಜಮಾನರಿಗೆ ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ್ದರು. ಫತೇಗಂಜಿನಲ್ಲಿ ಕಾಲೇಜು ಹುಡುಗರ ಗಲಾಟೆಯ ನಡುವೆ ಒಂದು ಮಹಡಿ ಮನೆ ಹಿಡಿದಿದ್ದೆವು. ನಾನು ಅಲ್ಲಿಯೇ ಒಂದು ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿ ನರ್ಸ್ ಆಗಿ ಸೇರಿದೆ. ಗುಜರಾತಿನಲ್ಲಿ ಹೆಂಗಸರ ಹೆಸರಿನ ಬೆನ್ನಿಗೆಲ್ಲ 'ಬೆನ್' ಅಂಟಿಕೊಳ್ಳುತ್ತದೆ. ಮಂಡ್ಯದ ಗೀತಾ ಆಗಿದ್ದವಳು ಸೇರಿದ ದಿನವೇ ಗೀತಾಬೆನ್ ಆದೆ. ನನಗೆ ಆ ಹೆಸರು ಕೊಟ್ಟವರು ನಮ್ಮ ಹಿರಿಯ ಸಿಸ್ಟರ್ ಕೋಕಿಲಾಬೆನ್. ದಪ್ಪ ಆಳು, ದೊಡ್ಡ ಗಂಟಲು. ವಾರ್ಡಿನ ಈ ತುದಿಯಲ್ಲಿ ಅವರು ಪಿಸುಗುಟ್ಟಿದರೆ ಆ ತುದಿಯ ರೋಗಿ ಎದ್ದು ಕೂರುತ್ತಿದ್ದ. ಅವರಿಗೆ ಪ್ರಪಂಚದಲ್ಲಿ ಎರಡೇ ಇಷ್ಟ: ಅಚ್ಚುಕಟ್ಟಾಗಿ ಕಟ್ಟಿದ ಬ್ಯಾಂಡೇಜು, ನವರಾತ್ರಿಯ ಗರ್ಬಾ. ಮಳೆಗಾಲ ಮುಗಿಯುವ ಮೊದಲೇ ಡ್ರೆಸ್ಸಿಂಗ್ ಟ್ರಾಲಿಯ ಸುತ್ತ ಹೆಜ್ಜೆ ಹಾಕಿ ಪ್ರಾಕ್ಟೀಸು ಶುರುಮಾಡಿರುತ್ತಿದ್ದರು.

ಆ ವರ್ಷ ಗಣಪತಿ ಬಿಟ್ಟ ಮಾರನೆಯ ಬೆಳಗ್ಗೆ ರೇಡಿಯೋದಲ್ಲಿ ಲಾತೂರಿನ ಕಡೆಯ ಭೂಕಂಪದ ಸುದ್ದಿ ಬಂತು. ಮಹಾರಾಷ್ಟ್ರದ ಆ ಮೂಲೆಯಲ್ಲಿ ಹಳ್ಳಿಗೆ ಹಳ್ಳಿಯೇ ನೆಲಸಮವಾಗಿತ್ತು. ಕರೆದರೆ ಹೋಗೋಣವೆಂದು ನಾವು ಕ್ಯಾಶುಯಾಲ್ಟಿಯ ನರ್ಸುಗಳೆಲ್ಲ ಚೀಲ ತುಂಬಿಟ್ಟುಕೊಂಡು ಕಾದೆವು. ಕರೆ ಬಂದದ್ದು ಅಲ್ಲಿಂದಲ್ಲ, ನಮ್ಮ ಪಕ್ಕದ ಸೂರತ್ತಿನಿಂದ. ಉಧ್ನಾದ ಮಗ್ಗಗಳಲ್ಲಿ ಆ ಸೀಮೆಯ ಎಷ್ಟೋ ಜನ ದುಡಿಯುತ್ತಿದ್ದರು. ಊರಿನಲ್ಲಿ ಮನೆ ಕಳೆದುಕೊಂಡ ತಂದೆತಾಯಿ, ಹೆಂಡತಿ ಮಕ್ಕಳನ್ನು ಅವರು ರೈಲಿನಲ್ಲಿ ತಾವಿದ್ದಲ್ಲಿಗೆ ಕರೆತರತೊಡಗಿದ್ದರು. ಬಂದವರಲ್ಲಿ ಅರೆಬರೆ ವಾಸಿಯಾದ ಗಾಯದವರು, ಕೈಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು, ಪೆಟ್ಟು ಬಿದ್ದಿದ್ದರೂ ಬಾಯಿ ಬಿಡದವರು ಎಲ್ಲ ಇದ್ದರು. ಮಗ್ಗದ ಮಾಲೀಕರು ಸೇರಿ ಖಾಲಿ ಬಿದ್ದಿದ್ದ ಒಂದು ಶೆಡ್ಡನ್ನು ಕ್ಯಾಂಪಿಗೆ ಬಿಟ್ಟುಕೊಟ್ಟರು. ನರ್ಸುಗಳು ಬೇಕೆಂದಾಗ ನಮ್ಮ ಆಸ್ಪತ್ರೆ ಕೋಕಿಲಾಬೆನ್ ಅವರ ಕೆಳಗೆ ನಮ್ಮ ಒಂದು ತಂಡವನ್ನು ಕಳಿಸಿತು.

ಹೊರಡುವಾಗ ಕೋಕಿಲಾಬೆನ್ ಮುಖ ಸಣ್ಣದು ಮಾಡಿಕೊಂಡಿದ್ದರು. ನವರಾತ್ರಿ ಹತ್ತಿರ ಬಂದಿತ್ತು. "ಹೋಗಲಿ ಬಿಡು ಗೀತಾಬೆನ್, ಅಂಬಾಮಾತೆಗೆ ನನ್ನ ಹಾಜರಿ ಬೇಕಾದರೆ ಅವಳೇ ಸೂರತ್ತಿಗೆ ಬರ್ತಾಳೆ" ಎಂದು ಹಿಂದಿಯಲ್ಲಿ ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ.

ಉಧ್ನಾದಲ್ಲಿ ಇಳಿದಾಗ ನನಗೆ ಮೊದಲು ಗೊತ್ತಾದದ್ದು ಸದ್ದು. ಹಗಲಿರುಳು ನಿಲ್ಲದ ಖಟಾಖಟ್. ಓಣಿಗೆ ಓಣಿಯೇ ಕರೆಂಟಿನ ಮಗ್ಗ. ನಮ್ಮ ಶೆಡ್ಡಿನ ಎಡಕ್ಕೂ ಬಲಕ್ಕೂ ಮಗ್ಗ. ಒಬ್ಬರಿಗೊಬ್ಬರು ಕಿವಿಯ ಹತ್ತಿರ ಬಂದು ಕೂಗಬೇಕು. ನಾಡಿ ಹಿಡಿದು ನೋಡಬಹುದಿತ್ತು, ಸ್ಟೆತಾಸ್ಕೋಪ್ ಇಟ್ಟರೆ ಮಾತ್ರ ರೋಗಿಯ ಎದೆಯೊಳಗೂ ಮಗ್ಗವೇ ನಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ಕೋಕಿಲಾಬೆನ್ ಗಂಟಲು ಭಗವಂತ ಯಾಕೆ ಅಷ್ಟು ದೊಡ್ಡದಾಗಿ ಮಾಡಿದ ಎಂಬುದು ಅಲ್ಲಿ ನನಗೆ ತಿಳಿಯಿತು.

ಊಟದ ಚಿಂತೆ ಇರಲಿಲ್ಲ. ಸ್ಟೇಷನ್ ಪಕ್ಕದಲ್ಲಿ ಕುಂದಾಪುರದ ಕಡೆಯ ಶೆಟ್ಟರೊಬ್ಬರ ಹೋಟೆಲಿತ್ತು. ಕ್ಯಾಂಪಿನಲ್ಲಿ ಕನ್ನಡದ ಸಿಸ್ಟರ್ ಒಬ್ಬರಿದ್ದಾರೆಂದು ತಿಳಿದದ್ದೇ ತಡ, ಅಡುಗೆಮನೆಯಷ್ಟೇ ದೊಡ್ಡ ಪಾತ್ರೆಯಲ್ಲಿ ಇಡ್ಲಿ ಹೊರಿಸಿಕೊಂಡು ತಾವೇ ಬಂದರು. "ಮೊದ್ಲು ನೀವು ತಿನ್ನಿ ಸಿಸ್ಟರ್, ಅವ್ರಿಗೆ ತಿನ್ಸ್ಲಿಕ್ಕೆ ನಿಮ್ಗೆ ಕೈಯಲ್ಲಿ ಜೀವ ಬೇಕಲ್ಲ" ಎಂದರು. ಅವರ ಸಾಂಬಾರಿಗೆ ಗುಜರಾತಿನವರ ಮೆಚ್ಚುಗೆಗೆಂದು ಬೆಲ್ಲ ಬಿದ್ದಿರುತ್ತಿತ್ತು. ನಾನು ಮುಖ ಹಿಂಡಿದರೆ, "ಎಂಥ ಮಾಡುದು, ಊರಿಗೆ ತಕ್ಕ ಸಾಂಬಾರು" ಎಂದು ನಗುತ್ತಿದ್ದರು.

ನಮ್ಮ ಕೆಲಸದ ಕ್ರಮ ಸರಳ. ಒಟ್ಟಿಗೆ ಬಹಳ ಜನ ಗಾಯಾಳುಗಳು ಬಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸಿ ಕೈಗೆ ಬಣ್ಣದ ಗುರುತು ಕಟ್ಟಬೇಕು. ಕೆಂಪಾದರೆ ಕೂಡಲೇ ದೊಡ್ಡಾಸ್ಪತ್ರೆಗೆ. ಹಳದಿಯಾದರೆ ಕ್ಯಾಂಪಿನ ಡಾಕ್ಟರ್ ಅಂದೇ ನೋಡಬೇಕು. ಹಸಿರಾದರೆ ಗಾಯ ತೊಳೆದು, ಹೊಟ್ಟೆಗೆ ಹಾಕಿ, ನೆಂಟರ ಜೊತೆ ಕಳಿಸಬಹುದು. ಕೈಮೀರಿದವರಿಗೆ ಕಪ್ಪು ಎಂದೂ ಒಂದಿದೆ. ಅದನ್ನು ನಾವು ಇಟ್ಟುಕೊಳ್ಳಲೇ ಇಲ್ಲ. ಅಚ್ಚು ಹಾಕಿದ ಗುರುತಿನ ಚೀಟಿಗಳು ವಡೋದರಾದಿಂದ ಇನ್ನೂ ಬಂದಿರಲಿಲ್ಲ. ಉಧ್ನಾದಲ್ಲಿ ಬಣ್ಣದ ಬಟ್ಟೆಗೇನು ಬರ? ಪಕ್ಕದ ಶೆಡ್ಡಿನವರು ಸೀರೆಯ ಅಂಚಿನ ತುಂಡುಗಳ ಮೂಟೆಯನ್ನೇ ತಂದು ಸುರಿದರು. ಅದರಲ್ಲಿ ಕೆಂಪು, ಹಳದಿ, ಹಸಿರು ಆರಿಸಿ ಕತ್ತರಿಸಿ ಪಟ್ಟಿ ಮಾಡಿದೆವು. ಕೆಲವಕ್ಕೆ ಜರಿಯ ಗೆರೆಯೂ ಇತ್ತು. ನೋಡಲು ಎಷ್ಟು ಚೆಂದವಿತ್ತೆಂದರೆ ನನಗೇ ಒಂದು ಕಟ್ಟಿಕೊಳ್ಳೋಣ ಅನ್ನಿಸಿತು. ತೊಂದರೆ ಶುರುವಾದದ್ದು ಆ ಚೆಂದದಿಂದಲೇ.

ಒಂದು ಬೆಳಗ್ಗೆ ರೈಲಿನಿಂದ ಒಂದೇ ಸಲಕ್ಕೆ ಬಹಳ ಜನ ಬಂದಿಳಿದರು. ಶೆಡ್ಡು ತುಂಬಿ ಬಾಗಿಲಾಚೆಗೂ ಸಾಲು. ಆ ಸಾಲಿನಲ್ಲಿ ನನ್ನ ಕಿವಿಗೆ ಕನ್ನಡ ಬಿತ್ತು. ಕರ್ನಾಟಕದ ಗಡಿಗೆ ಅಂಟಿದ ಉಮರ್ಗಾದ ಕಡೆಯ ಹಳ್ಳಿಯ ನಾಗವ್ವ ಎಂಬ ಮುದುಕಿ, ಜೊತೆಗೆ ಸೊಸೆ ಮಹಾದೇವಿ. ಸೊಸೆಗೆ ಏಳು ತಿಂಗಳು ತುಂಬಿತ್ತು. ಕರೆತಂದವನು ನಾಗವ್ವನ ಮಗ ಶರಣಪ್ಪ, ಉಧ್ನಾದಲ್ಲೇ ಮಗ್ಗ ಓಡಿಸುತ್ತಿದ್ದ. ನಾನು ಕನ್ನಡದಲ್ಲಿ ಮಾತಾಡಿಸಿದಾಗ ನಾಗವ್ವನಿಗೆ ನಂಬಿಕೆಯೇ ಬರಲಿಲ್ಲ. "ಇಲ್ಲಿಗಿ ಬಂದು ಕನ್ನಡ ಕಲ್ತೀರೇನ್ರಿ ಸಿಸ್ಟರಬಾಯಿ? ಛಲೋ ಕಲ್ತೀರಿ. ಆದ್ರ ಸ್ವಲ್ಪ ತೊದಲ್ತೀರಿ" ಎಂದಳು. ಮಂಡ್ಯದ ಕನ್ನಡಕ್ಕೆ ಸಿಕ್ಕ ಆ ಸರ್ಟಿಫಿಕೇಟನ್ನು ನಾನು ಇಂದಿಗೂ ಮರೆತಿಲ್ಲ.

ನಾಗವ್ವನಿಗೆ ಮೊಳಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹಸಿರು ಪಟ್ಟಿ ಕಟ್ಟಿದೆ. ಮಹಾದೇವಿಯ ಕೈಗೆ ಆಗಿದ್ದ ಪೆಟ್ಟಿಗೆ ಊರ ಕಡೆಯೇ ಪಟ್ಟು ಹಾಕಿದ್ದರು. ಅವಳೂ ತನಗೇನೂ ಇಲ್ಲವೆಂದಳು. ಪರದೆಯ ಹಿಂದೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದ ಮೇಲೆ, ಗೋಡೆಯ ಹೆಂಟೆ ಸೊಂಟದ ಮೇಲೆ ಬಿದ್ದಿತ್ತೆಂದೂ, ರೈಲು ಹತ್ತಿದಾಗಿನಿಂದ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದೆಯೆಂದೂ ಹೇಳಿದಳು. ಮಗು ಅಲುಗಾಡುತ್ತಿದೆಯೇ ಎಂದರೆ ತಲೆ ತಗ್ಗಿಸಿದಳು. ಮಗುವಿನ ಎದೆಬಡಿತ ಕೇಳಲು ನಮ್ಮಲ್ಲಿ ಮರದ ಸಣ್ಣ ಕೊಳವೆಯೊಂದಿತ್ತು, ಒಂದು ತುದಿ ಹೊಟ್ಟೆಯ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಡಬೇಕು. ಇಟ್ಟೆ. ಅಕ್ಕಪಕ್ಕದ ಮಗ್ಗಗಳ ಖಟಾಖಟ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ನೋಡಲಿ ಎಂದು ಕೆಂಪು ಪಟ್ಟಿ ಕಟ್ಟಿ, ವ್ಯಾನಿಗೆ ಕಾಯುವವರ ಬೆಂಚಿನ ಮೇಲೆ ಕೂರಿಸಿ, ಡಾಕ್ಟರಿಗೆ ತಿಳಿಸಿ, ಸಾಲಿನಲ್ಲಿದ್ದ ಮುಂದಿನವರನ್ನು ಕರೆದೆ.

ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು. ಕೆಂಪಿನವರು ಆಸ್ಪತ್ರೆಗೆ ಹೋಗಿದ್ದರು, ಹಸಿರಿನವರು ಮನೆಗೆ ಹೋಗಿದ್ದರು. ನಾವು ಶೆಟ್ಟರ ಇಡ್ಲಿಯ ಮುಂದೆ ಕುಳಿತಿದ್ದಾಗ ವ್ಯಾನ್ ವಾಪಸು ಬಂತು. ಅದರಿಂದ ನಾಗವ್ವ ಇಳಿದಳು. ಒಂದು ಕೈಯಲ್ಲಿ ಬಾಳೆಹಣ್ಣು, ಮೊಳಕಾಲಿಗೆ ಬೆಳ್ಳಗಿನ ದೊಡ್ಡ ಬ್ಯಾಂಡೇಜು, ಮುಖದ ತುಂಬ ಸಿಟ್ಟು.

"ನಿಮ್ಮ ಮಂದಿಗಿ ಏನರ ತಲಿ ಅದ ಏನ್ರಿ ಸಿಸ್ಟರಬಾಯಿ? ಬ್ಯಾಡ ಬ್ಯಾಡ ಅಂದ್ರೂ ಎತ್ತಿ ಮಲಗಿಸಿದ್ರು. ನಾ ಚೀರ್ದಂಗೆಲ್ಲ ಇನ್ನಾ ಜೋರ್ ಗಾಡಿ ಬಿಟ್ರು. ಆ ಡಾಕ್ಟರ ನನ್ನ ನಾಲಿಗಿ ನೋಡ್ದ, ಹೊಟ್ಟಿ ಒತ್ತಿ ನೋಡ್ದ. ಏನೂ ಆಗಿಲ್ಲ ಅಂತ ಆಕಾಶ ನೋಡಿ ಕೈ ಮುಗ್ದ."

ನಾವೆಲ್ಲ ನಕ್ಕೆವು. ನಗುತ್ತ ಅವಳ ಮಣಿಕಟ್ಟು ನೋಡಿದೆ. ಕೆಂಪು ಪಟ್ಟಿ.

"ಅಜ್ಜಿ, ನಿಮಗೆ ನಾನು ಹಸಿರು ಕಟ್ಟಿದ್ದೆನಲ್ಲ. ಇದ್ಯಾರು ಕಟ್ಟಿದ್ದು?"

"ನಾನೆ ಬದಲಾಯಿಸೀನಿ. ಗಂಡ ಸತ್ತಾಕಿ ನಾ, ನನಗ್ಯಾಕ ಹಸಿರು? ಬಸುರಿ ಕೈಯಾಗ ಹಸಿರು ಇರ್ಬೇಕು. ಆಕಿ ಕೈಗಿ ನೆತ್ತರ ಬಣ್ಣ ಕಟ್ಟಿದ್ರಿ ನೀವು. ಕೆಟ್ಟದ್ದೇ ಗುರ್ತು ಇರಬೇಕು ಅನ್ನಿಸ್ತು. ಏನರ ಬರೋದಿದ್ರ ನನಗೆ ಬರ್ಲಿ ಅಂತ ನಾ ಕಟಗೊಂಡೆ."

ನಾಗವ್ವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೊಸೆಯ ಪಾಲಿನ ಕೇಡನ್ನು ತಾನು ಕಟ್ಟಿಕೊಂಡವಳ ಮೇಲೆ ಯಾರು ಸಿಟ್ಟಾಗುತ್ತಾರೆ? ಮಹಾದೇವಿಯ ಕೈಯಲ್ಲಿ ಹಸಿರಿತ್ತು. ಹಸಿರು ನೋಡಿದ ಸ್ವಯಂಸೇವಕರು ಅವಳಿಗೆ ಖಿಚಡಿ ಕೊಟ್ಟು, ಗಂಡನ ಜೊತೆ ಮನೆಗೆ ಕಳಿಸಿದ್ದರು. ಅತ್ತೆ ಎಲ್ಲಿ ಎಂದು ಮಹಾದೇವಿ ಕೇಳಿದ್ದಕ್ಕೆ, ಮುದುಕಿಗೆ ಸೀರಿಯಸ್ಸು, ಆಸ್ಪತ್ರೆಗೆ ಹೋಗಿದ್ದಾರೆ ಎಂದಿದ್ದರಂತೆ.

"ಶು ಥಯು?" ಏನಾಯಿತೆಂದು ಕೋಕಿಲಾಬೆನ್ ಕೇಳಿದರು. ಹೇಳಿದೆ. ಆ ಮರದ ಕೊಳವೆಯನ್ನು ನನ್ನ ಕೈಗೆ ತುರುಕಿ, "ಚಾಲೋ" ಎಂದು ತಾವೇ ಮೊದಲು ಎದ್ದರು.

ಉಧ್ನಾದಲ್ಲಿ ಒಬ್ಬ ಶರಣಪ್ಪನನ್ನು ಹುಡುಕುವುದು ಎಲ್ಲಿಂದ? ನಾಗವ್ವ ಮಗ ಇರುವ ಬಾಡಿಗೆ ಖೋಲಿಯನ್ನು ಕಣ್ಣಿಂದ ಕಂಡವಳಲ್ಲ. ಕೆಲಸಕ್ಕೆ ಬಂದದ್ದು ಶೆಟ್ಟರು. "ಉಮರ್ಗಾದ ಶರಣಪ್ಪ ಅಲ್ವಾ? ತೆಳ್ಳಗೆ, ಎಡಗೈಯಲ್ಲಿ ಚಾ ಕುಡಿಯುದು? ದಿನಾ ಬೆಳಿಗ್ಗೆ ನಮ್ಮಲ್ಲೇ ಬರುದು ಅವ. ಬನ್ನಿ, ನಾನು ಬರ್ತೇನೆ" ಎಂದು ಪಾತ್ರೆಯನ್ನು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ನಡೆದರು. ಅವರ ಹಿಂದೆ ನಾನು, ನನ್ನ ಹಿಂದೆ ನಾಗವ್ವ, ಕೊನೆಗೆ ಏದುಸಿರು ಬಿಡುತ್ತ ಕೋಕಿಲಾಬೆನ್. ವ್ಯಾನು ಓಣಿಯ ಬಾಯಿಯವರೆಗಷ್ಟೇ ಬಂತು.

ಆ ಓಣಿಯ ಎರಡೂ ಬದಿಗೆ ಮಗ್ಗದ ಶೆಡ್ಡುಗಳು, ಅವುಗಳ ಮೇಲೆ ಕೆಲಸಗಾರರ ಖೋಲಿಗಳು. ಕಾಲಿಟ್ಟ ನೆಲ ಅದುರುತ್ತಿತ್ತು. ಒಂದು ಬೇವಿನ ಗಿಡದ ಬುಡದಲ್ಲಿ, ಕಾಂಡವನ್ನು ಎರಡೂ ಕೈಯಿಂದ ತಬ್ಬಿಕೊಂಡು ಮಹಾದೇವಿ ಕುಳಿತಿದ್ದಳು. ಪಕ್ಕದಲ್ಲಿ ಶರಣಪ್ಪ ಏನೂ ತೋಚದೆ ನಿಂತಿದ್ದ.

"ಖೋಲಿ ಒಳಗ ಕಾಲಿಡಾವಲ್ಲಳು. ನೆಲ ನಡಗ್ತದ, ಗ್ವಾಡಿ ನಡಗ್ತದ, ಮತ್ತ ಬೀಳ್ತದ ಅಂತಾಳ. ಮಗ್ಗದ್ದು ಅಂದ್ರೂ ಕೇಳ್ವಲ್ಲಳು" ಎಂದ.

ಭೂಕಂಪದಿಂದ ಪಾರಾಗಿ ಬಂದವಳನ್ನು ನೆಲವೇ ನಡುಗುವ ಊರಿಗೆ ಕರೆತಂದಿದ್ದೆವು. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಾನು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ. "ಆಸ್ಪತ್ರೆಗೆ ಹೋಗೋಣ ಬಾಮ್ಮ, ವ್ಯಾನ್ ಬಂದಿದೆ" ಎಂದೆ. ಅವಳು ಗಿಡ ಬಿಡಲಿಲ್ಲ.

"ನಾ ಎಲ್ಲಿಗೂ ಬರಲ್ರಿ. ಕೂಸು ಅಲುಗಾಡ್ಲಕತ್ತದೋ ನೆಲ ಅಲುಗಾಡ್ಲಕತ್ತದೋ ಒಂದೂ ತಿಳಿವಲ್ದು. ಕೂಸು ಹೋಗ್ಯದ. ಇನ್ನ ನನಗ ಎಲ್ಲಿಗಿ ಒಯ್ತೀರಿ?"

ಹೊತ್ತು ಕಳೆಯುವಂತಿರಲಿಲ್ಲ. ಎತ್ತಿಕೊಂಡು ಹೋಗಬಹುದಿತ್ತು, ಆದರೆ ಅವಳು ಗಿಡವನ್ನು ಹಿಡಿದ ಬಿಗಿ ನೋಡಿದರೆ ಎಳೆದಾಟದಲ್ಲಿ ಇನ್ನಷ್ಟು ರಕ್ತ ಹೋಗುವುದು ಖಂಡಿತ. ಮಗು ಬದುಕಿದೆ ಎಂದು ಅವಳಿಗೆ ತಿಳಿದರೆ ತಾನಾಗಿ ಏಳುತ್ತಾಳೆ. ತಿಳಿಸುವುದು ಹೇಗೆ? ಕೊಳವೆ ಇಟ್ಟು ಕಿವಿ ಕೊಟ್ಟೆ. ಮತ್ತದೇ ಖಟಾಖಟ್. ಜಾಗ ಬದಲಿಸಿ ಇಟ್ಟೆ. ಕಿವಿ ಮುಚ್ಚಿಕೊಂಡು ನೋಡಿದೆ. ತಲೆಯೆತ್ತಿ ಕೋಕಿಲಾಬೆನ್ ಕಡೆ ನೋಡಿ, ಇಲ್ಲ, ಆಗುತ್ತಿಲ್ಲ ಎಂದು ಕೈಯಾಡಿಸಿದೆ.

ಕೋಕಿಲಾಬೆನ್ ಶೆಟ್ಟರ ಕಡೆ ತಿರುಗಿದರು. ಅವರಿಬ್ಬರಿಗೆ ಎಲ್ಲಿಂದ ಒಟ್ಟಿಗೆ ಹೊಳೆಯಿತೋ, ಒಬ್ಬರು ಎಡದ ಶೆಡ್ಡಿಗೆ ನುಗ್ಗಿದರು, ಇನ್ನೊಬ್ಬರು ಬಲದ ಶೆಡ್ಡಿಗೆ. ಮಗ್ಗಗಳ ಸದ್ದಿನ ಮೇಲೆ ಕೋಕಿಲಾಬೆನ್ ಗಂಟಲು ನನಗೆ ಓಣಿಯಲ್ಲೇ ಕೇಳಿಸಿತು: "ಬಂಧ್ ಕರೋ ಭಾಯ್, ಬಧಾ ಬಂಧ್ ಕರೋ." ಎಲ್ಲ ನಿಲ್ಲಿಸಿ ಎಂದು. ಶರಣಪ್ಪ ಎದುರಿನ ಶೆಡ್ಡಿಗೆ ಓಡಿದ.

ಉಧ್ನಾದಲ್ಲಿ ಮಗ್ಗ ನಿಲ್ಲಿಸುವುದೆಂದರೆ ಸುಮ್ಮನೆ ಅಲ್ಲ. ದೀಪಾವಳಿ ಎದುರಿಗಿತ್ತು, ಎಲ್ಲರಿಗೂ ಆರ್ಡರು ತಲೆಯ ಮೇಲೆ ಕೂತಿತ್ತು. ಎಡಗಡೆಯ ಮಾಲೀಕ ಸಿಡುಕುತ್ತ ಹೊರಗೆ ಬಂದ. ಗಿಡದ ಬುಡದಲ್ಲಿದ್ದವಳನ್ನು ನೋಡಿದ, ನನ್ನ ಕೈಯ ಕೊಳವೆ ನೋಡಿದ. ಒಳಗೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟ. ಅವನ ಶೆಡ್ಡು ನಿಂತಿತು. ಆಮೇಲೆ ಎದುರಿನದು. ಆಮೇಲೆ ಅದರಾಚೆಯದು. ಯಾರು ಯಾರಿಗೆ ಹೇಳಿದರೋ ಕಾಣೆ, ಓಣಿಯ ತುದಿಯವರೆಗೆ ಒಂದೊಂದಾಗಿ ಸದ್ದು ಅಡಗುತ್ತ ಹೋಯಿತು. ಕೆಲಸಗಾರರು ಬನಿಯನ್ನಿನಲ್ಲೇ ಬಾಗಿಲಿಗೆ ಬಂದು ನಿಂತರು. ನನ್ನ ಕಾಲ ಕೆಳಗೆ ನೆಲದ ಅದುರು ನಿಂತಿತು. ಅಷ್ಟು ದಿನದಲ್ಲಿ ಮೊದಲ ಸಲ ಉಧ್ನಾದಲ್ಲಿ ನನಗೆ ಕಾಗೆ ಕೂಗಿದ್ದು ಕೇಳಿಸಿತು.

ಮಹಾದೇವಿ ಗಿಡದ ಮೇಲಿನ ಹಿಡಿತ ಸಡಿಲಿಸಿ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದಳು. ನಾನು ಕೊಳವೆ ಇಟ್ಟು ಕಿವಿ ಕೊಟ್ಟೆ. ಮೊದಲು ಏನೂ ಇಲ್ಲ. ಸ್ವಲ್ಪ ಕೆಳಗೆ, ಎಡಕ್ಕೆ ಸರಿಸಿದೆ. ನನ್ನದೇ ಎದೆ ಹೊಡೆದುಕೊಳ್ಳುತ್ತಿತ್ತು, ಅದನ್ನೇ ಕೇಳುತ್ತಿದ್ದೇನೋ ಎಂದು ಉಸಿರು ಹಿಡಿದೆ. ಆಗ ಕೇಳಿಸಿತು. ಸಣ್ಣಗೆ, ಬೇಗ ಬೇಗ, ಒಂದೇ ಸಮನೆ. ನನ್ನ ಎದೆಯದಲ್ಲ. ತಾಯಿಯದೂ ಅಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಮಕ್ಕಳ ಎದೆಬಡಿತ ಕೇಳಿದ್ದೇನೆ. ಅಷ್ಟು ಖುಷಿ ಇನ್ನೊಮ್ಮೆ ಆದದ್ದಿಲ್ಲ.

"ಇದೆ" ಎಂದೆ. ಇನ್ನೊಂದು ಸಲ ಹೇಳಿದೆ. "ಜೀವ ಇದೆ ಕಣಮ್ಮ, ಚೆನ್ನಾಗಿ ಹೊಡ್ಕೊಳ್ತಿದೆ."

ಮಹಾದೇವಿ ನಂಬಲಿಲ್ಲ. ಅವಳು ಅತ್ತೆಯ ಮುಖ ನೋಡಿದಳು. ನಾನು ನಾಗವ್ವನನ್ನು ಕರೆದು, ಕೊಳವೆ ಅಲುಗದಂತೆ ಹಿಡಿದು, ಅವಳ ಕಿವಿಯನ್ನು ಅದಕ್ಕೆ ಒತ್ತಿದೆ. ನಾಗವ್ವ ಕಣ್ಣು ಮುಚ್ಚಿದಳು. ಓಣಿಯ ಜನವೆಲ್ಲ ಅವಳನ್ನೇ ನೋಡುತ್ತಿತ್ತು. ಬಹಳ ಹೊತ್ತು ಅವಳು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಯವ್ವಾ, ಕುದುರಿ ಓಡಿದಂಗ ಓಡ್ಲಕತ್ತದಲ್ಲೇ. ಏಳ್, ಏಳ್. ಗಾಡಿ ಹತ್ತು. ನಾ ಹೋಗಿ ಬಂದೀನಿ, ಅಲ್ಲಿ ಬಾಳಿಹಣ್ಣು ಕೊಡ್ತಾರ" ಎಂದಳು.

ಮಹಾದೇವಿ ನಕ್ಕಳು. ಅಳುತ್ತಲೇ ಎದ್ದಳು. ನಾಗವ್ವ ತನ್ನ ಮಣಿಕಟ್ಟಿನ ಕೆಂಪು ಪಟ್ಟಿಯನ್ನು ಬಿಚ್ಚಿ ತನ್ನ ಕೈಯಾರ ಸೊಸೆಗೆ ಕಟ್ಟಿದಳು. ಹಸಿರನ್ನು ಬಿಚ್ಚಲು ಮಾತ್ರ ಬಿಡಲಿಲ್ಲ. ಎರಡೂ ಇರಲಿ ಎಂದಳು. ವ್ಯಾನ್ ಓಣಿ ದಾಟುವವರೆಗೂ ಒಂದು ಮಗ್ಗವೂ ಶುರುವಾಗಲಿಲ್ಲ. ನಾಗವ್ವ ಮತ್ತೆ ಬಂದದ್ದನ್ನು ನೋಡಿ ಆಸ್ಪತ್ರೆಯ ಆ ಡಾಕ್ಟರು ಹಣೆ ಚಚ್ಚಿಕೊಂಡರಂತೆ. ಆದರೆ ಸೊಸೆಯನ್ನು ನೋಡಿದ ಮೇಲೆ ಓಡಾಡಿ ಎಲ್ಲ ಮಾಡಿದರು. ರಕ್ತ ಹೋಗುವುದು ನಿಂತಿತು. ಹೆರಿಗೆಯವರೆಗೆ ಮಂಚ ಬಿಟ್ಟು ಇಳಿಯಕೂಡದೆಂದು ಕಟ್ಟುನಿಟ್ಟು ಮಾಡಿದರು. ಆಸ್ಪತ್ರೆಯ ನೆಲ ನಡುಗುತ್ತಿರಲಿಲ್ಲ, ಹಾಗಾಗಿ ಅವಳೂ ತಕರಾರು ಮಾಡಲಿಲ್ಲ.

ಅಂದು ಸಂಜೆಯೇ ಕೋಕಿಲಾಬೆನ್ ನಮ್ಮ ಬಣ್ಣದ ಕಾಯಿದೆಯನ್ನು ರದ್ದು ಮಾಡಿದರು. ಪಟ್ಟಿಯ ಬಣ್ಣ ಅವರವರೇ ಆರಿಸಿಕೊಳ್ಳಲಿ, ಗಂಟು ಮಾತ್ರ ನಮ್ಮದು. ಒಂದು ಗಂಟಾದರೆ ಮನೆಗೆ, ಎರಡಾದರೆ ಡಾಕ್ಟರಿಗೆ, ಮೂರಾದರೆ ಆಸ್ಪತ್ರೆಗೆ. ಮಾರನೆಯ ದಿನದಿಂದ ವಿಂಗಡಣೆಯ ಜಾಗ ಸೀರೆ ಅಂಗಡಿಯಾಯಿತು. "ಆ ಜರಿದು ಇಲ್ಲೇನ್ರಿ?" "ನನ್ನ ಸೀರಿಗಿ ಅದು ಹೊಂದಂಗಿಲ್ಲ, ನೀಲಿ ಕೊಡ್ರಿ." ಎಲ್ಲ ಕಳೆದುಕೊಂಡು ಬಂದ ಹೆಂಗಸರು ಬಟ್ಟೆಯ ತುಂಡಿಗಾಗಿ ಚೌಕಾಸಿ ಮಾಡುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಬಣ್ಣ ಆರಿಸಿಕೊಳ್ಳುವ ಮನಸ್ಸು ಇನ್ನೂ ಇದೆಯಲ್ಲ ಎಂದು. ಅಚ್ಚು ಹಾಕಿದ ಚೀಟಿಗಳು ಬಂದವು. ಅವನ್ನು ನಾವು ಬಿಚ್ಚಲೇ ಇಲ್ಲ.

ನವರಾತ್ರಿ ಬಂತು. ಕ್ಯಾಂಪಿನಲ್ಲಿ ದುಃಖ ಇರಲಿಲ್ಲವೆಂದಲ್ಲ, ಮನೆಗೊಬ್ಬರಾದರೂ ತೀರಿಹೋಗಿದ್ದರು. ಕೋಕಿಲಾಬೆನ್ ಅದನ್ನು ನೋಡಿ ಮೊದಮೊದಲು ಗರ್ಬಾದ ಹೆಸರೇ ಎತ್ತಲಿಲ್ಲ. ಒಂದು ಸಂಜೆ ಕೆಲಸ ಮುಗಿದ ಮೇಲೆ ಅವರೊಬ್ಬರೇ ಶೆಡ್ಡಿನ ಮೂಲೆಯಲ್ಲಿ ಒಂದು ದೀಪ ಇಟ್ಟು, ಮೆಲ್ಲಗೆ ಚಪ್ಪಾಳೆ ತಟ್ಟುತ್ತ ಸುತ್ತು ಬಂದರು. ಕ್ಯಾಂಪಿನ ಹುಡುಗಿಯರು ಬಂದು ಸೇರಿದರು. ಆಮೇಲೆ ಅವರ ತಾಯಂದಿರು. ಗರ್ಬಾ ಕಲಿಸಿದ ಋಣಕ್ಕೆ ಅವರು ಕೋಕಿಲಾಬೆನ್‌ಗೆ ತಮ್ಮ ಊರಿನ ಫುಗಡಿ ಕಲಿಸಿದರು. ಕೈ ಕೈ ಹಿಡಿದು ಗಿರಗಿರನೆ ತಿರುಗುವ ಆಟ ಅದು. ಕೋಕಿಲಾಬೆನ್ ತಿರುಗಿ ತಿರುಗಿ ತಲೆಸುತ್ತಿ ಹಳದಿಯಂಚಿನ ಬಟ್ಟೆಯ ಮೂಟೆಯ ಮೇಲೆ ಧೊಪ್ಪೆಂದು ಕೂತರು. ಒಬ್ಬ ಮುದುಕಿ ಓಡಿಬಂದು ಅವರ ಕೈಗೆ ಪಟ್ಟಿ ಕಟ್ಟಿ ಮೂರು ಗಂಟು ಹಾಕಿದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು.

ದೀಪಾವಳಿ ಕಳೆದು ಕ್ಯಾಂಪು ಮುಚ್ಚಿತು, ನಾವು ವಡೋದರಾಕ್ಕೆ ಮರಳಿದೆವು. ಚಳಿಗಾಲದಲ್ಲಿ ಒಂದು ದಿನ ಶೆಟ್ಟರು ಕ್ಯಾಶುಯಾಲ್ಟಿಗೇ ಫೋನ್ ಮಾಡಿದರು. "ಹೆಣ್ಣು ಮಗು ಸಿಸ್ಟರ್. ತಾಯಿ ಮಗು ಇಬ್ರೂ ಹುಷಾರು. ತೊಟ್ಲಿಗೆ ನೀವಿಬ್ರೂ ಬರ್ಲೇಬೇಕಂತೆ, ಅಜ್ಜಿ ಇಲ್ಲಿ ಕೂತು ಏಳುದಿಲ್ಲ ಅಂತಿದ್ದಾರೆ." ನಾನೂ ಕೋಕಿಲಾಬೆನ್ ಅವರೂ ಡ್ಯೂಟಿ ಬದಲಿಸಿಕೊಂಡು ರೈಲು ಹತ್ತಿದೆವು.

ತೊಟ್ಟಿಲು ಕಟ್ಟಿದ್ದು ಶೆಟ್ಟರ ಹೋಟೆಲಿನ ಮೇಲಿನ ಕೋಣೆಯಲ್ಲಿ. ಅಲ್ಲಿ ನೆಲ ಅದುರುವುದಿಲ್ಲವೆಂದು ಮಹಾದೇವಿ ಒಪ್ಪಿದ್ದಳು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಮಗು ಕಪ್ಪಗೆ, ಗುಂಡಗೆ, ತಲೆತುಂಬ ಕೂದಲು. ಕೋಕಿಲಾಬೆನ್ ಅದರ ಉಗುರಿನವರೆಗೂ ಪರೀಕ್ಷೆ ಮಾಡಿ ಪಾಸು ಮಾಡಿದರು. ಹೆಸರಿಡುವ ಹೊತ್ತಾಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಶರಣಪ್ಪನಿಗೆ ಒಬ್ಬಳೇ ಅಕ್ಕ ಇದ್ದಳು. ಅವಳು ಭೂಕಂಪದ ದಿನ ಗಂಡನ ಮನೆಯಲ್ಲಿ ಮಲಗಿದ್ದವಳು ಏಳಲಿಲ್ಲ. ಶರಣಪ್ಪ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

ನಾಗವ್ವ ನನ್ನ ಕೈ ಹಿಡಿದು ಎಬ್ಬಿಸಿದಳು.

"ನಿನಗ ಎಲ್ಲಾರೂ ಸಿಸ್ಟರ್ ಸಿಸ್ಟರ್ ಅಂತಾರ. ಹಂಗಂದ್ರ ಏನು ಅಂತ ನಮ್ಮ ಶರಣ್ಯಾಗ ಕೇಳ್ದೆ. ಅಕ್ಕ-ತಂಗಿ ಅಂದ. ಮತ್ತ ನನ್ನ ಮಗಗ ನೀ ಅಕ್ಕ ಆದ್ರ, ಈ ಕೂಸಿಗಿ ಏನಾದಿ?"

ನಾನು ಶರಣಪ್ಪನ ಕಡೆ ನೋಡಿದೆ.

"ಅತ್ತಿ ಆದಿ. ಬಾ, ಹೆಸರಿಡು."

ತೊಟ್ಟಿಲ ಮೇಲೆ ಬಾಗಿದೆ. ಏನು ಹೆಸರು ಎಂದು ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಆ ಓಣಿಯ ಸದ್ದಿನ ಮೇಲೆ ಕೇಳಿಸಿದ ಒಂದು ಗಂಟಲು ನೆನಪಾಯಿತು. ಮಗುವಿನ ಕಿವಿಗೆ ಬಾಯಿಟ್ಟು "ಕೋಕಿಲಾ" ಎಂದೆ.

ಹೇಳಿ ಮುಗಿಸುವುದಕ್ಕೂ ಬೆನ್ನ ಮೇಲೆ ಧಬಧಬನೆ ಗುದ್ದು ಬೀಳುವುದಕ್ಕೂ ಸರಿಹೋಯಿತು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದಬೇಕೆಂಬ ಅವರ ಪದ್ಧತಿ ಮಂಡ್ಯದವಳಾದ ನನಗೆ ತಿಳಿದಿರಲಿಲ್ಲ. ಬಸವನಹುಳುವಿನ ಹಾಗೆ ಮುದುರಿಕೊಂಡೆ. ಕೋಕಿಲಾಬೆನ್‌ಗಂತೂ ಪ್ರಾಣವೇ ಹೋದಂತಾಯಿತು. "ಅರೆ, ಕೇಮ್ ಮಾರೋ ಛೋ? ಯಾಕೆ ಹೊಡೀತೀರಿ ನಮ್ಮ ಗೀತಾಬೆನ್‌ಗೆ?" ಎಂದು ಗುಂಪನ್ನು ಸೀಳಿಕೊಂಡು ಬಂದರು. ಇಟ್ಟ ಹೆಸರು ಯಾವುದೆಂದು ಯಾರೋ ಅವರಿಗೆ ಹೇಳಿದರು. ಅವರು ಅಲ್ಲೇ ನಿಂತರು. ತೊಟ್ಟಿಲ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅಳುತ್ತಾ ಅವರೂ ಒಂದು ಗುದ್ದಿದರು.

ಎಲ್ಲಕ್ಕಿಂತ ಜೋರಾಗಿ ಬಿದ್ದದ್ದು ನಾಗವ್ವನ ಗುದ್ದು. ಸಂಜೆಯ ರೈಲಿನಲ್ಲಿ ವಡೋದರಾಕ್ಕೆ ಹೊರಟಾಗ ಬೆನ್ನು ಸೀಟಿಗೆ ತಾಗಿದರೆ ನೋಯುತ್ತಿತ್ತು. ದಾರಿಯುದ್ದಕ್ಕೂ ನಾನು ಬೇಕೆಂದೇ ಒರಗಿಕೊಂಡೇ ಕುಳಿತಿದ್ದೆ.